ಗಿರಣಿ ಆಯಿ ಕೊಟ್ಟ ಹೊತ್ತು

ಗಿರಣಿ ಆಯಿಯ ಹುಬ್ಬುಗಳ ನಿಜವಾದ ಬಣ್ಣ ಯಾವುದೆಂದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಜೋಳದ ಹಿಟ್ಟು, ಮಧ್ಯಾಹ್ನ ಗೋಧಿ ಹಿಟ್ಟು, ಹಬ್ಬ ಹತ್ತಿರ ಬಂದರೆ ಕಡಲೆ ಹಿಟ್ಟಿನ ಹಳದಿ. ರೆಪ್ಪೆಯ ಮೇಲೂ ಹಿಟ್ಟು ಕೂತಿರುತ್ತಿತ್ತು, ಕಣ್ಣು ಮಿಟುಕಿಸಿದರೆ ಸಣ್ಣಗೆ ಉದುರುತ್ತಿತ್ತು. ಕೊರಳಲ್ಲಿದ್ದ ಲಿಂಗದ ಕಾಯಿಯನ್ನು ಮಾತ್ರ ಸೆರಗಿನಿಂದ ಆಗಾಗ ಒರೆಸಿಕೊಳ್ಳುತ್ತಿದ್ದಳು. ಉಳಿದ ಮೈಯನ್ನು ಹಿಟ್ಟಿಗೇ ಬಿಟ್ಟುಕೊಟ್ಟಿದ್ದಳು.

ಗಂಡ ತೀರಿದ ಮೇಲೆ ಆಕೆಯೇ ಗಿರಣಿ ನಡೆಸುತ್ತಿದ್ದಳು. ಉಮರ್ಗಾದಲ್ಲಿ ಹೈವೇಯಿಂದ ಒಳಗೆ ತಿರುಗುವ ರಸ್ತೆಗೆ ಗಿರಣಿ, ಅದರ ಎದುರಿಗೆ ನಮ್ಮ ಮನೆ. ಬೆಲ್ಟಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆಯಿಯ ದನಿ ದೊಡ್ಡದಾಗಿಹೋಗಿತ್ತು. ಗಿರಣಿ ನಿಂತಾಗಲೂ ಆ ದನಿ ಇಳಿಯುತ್ತಿರಲಿಲ್ಲ. ಸಾವಿನ ಮನೆಗೆ ಹೋದರೂ ಆಕೆಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಸಮಾಧಾನ ಹೇಳಿದರೆ ಬೀದಿಯ ಆ ತುದಿಯವರೂ ಸಮಾಧಾನ ಪಡೆಯಬೇಕು, ಹಾಗೆ.

ಆಕೆಯ ಗಿರಣಿಗೆ ಒಂದು ಪದ್ಧತಿ ಇತ್ತು. ಡಬ್ಬಿ ತಂದು ಸಾಲಿನಲ್ಲಿ ಇಟ್ಟು ಹೋಗಬೇಕು. ಯಾವಾಗ ಆಗುತ್ತದೆ ಎಂದು ಕೇಳಬಾರದು.

“ಆಯಿ, ಯಾವಾಗ ಬರ್ಲಿ?”

“ಆದಾಗ ಆಗ್ತದ. ಡಬ್ಬಿ ಇಟ್ಟು ಹೋಗ್.”

ಕರೆಂಟು ಇದ್ದರೆ ಬೇಗ ಆಗುತ್ತಿತ್ತು, ಇಲ್ಲದಿದ್ದರೆ ನಾಳೆ ಆಗುತ್ತಿತ್ತು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಮ್ಮ ಸೀಮೆಯೇ ಹಾಗೆ. ಊಟಕ್ಕೆ ಕರೆದರೂ ಹೊತ್ತು ಹೇಳುವುದಿಲ್ಲ. ಹೇಳಿದರೆ, ಬೇರೆ ಹೊತ್ತಿಗೆ ಬಂದರೆ ಊಟ ಇಲ್ಲ ಎಂದ ಹಾಗಾಗುತ್ತದೆ. ಬರುತ್ತೇವೆ ಎನ್ನುವವರೂ ಅಷ್ಟೇ, “ಸವಡ ಆದ್ರ ಬರ್ತೀವಿ” ಎಂದು ಎದ್ದುಬಿಡುತ್ತಾರೆ. ಸವಡ ಎಂದರೆ ಬಿಡುವು, ಅನುಕೂಲ. ನಮ್ಮಲ್ಲಿ ಮದುವೆ, ಬಾಣಂತನ, ಕೋರ್ಟು ಕೆಲಸ ಎಲ್ಲವೂ ಸವಡದ ಮೇಲೆಯೇ ನಡೆಯುತ್ತವೆ.

ನಾನು ಇಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಬಾಯಿ, ಅಂದರೆ ಮೇಡಂ, ಆಗಿದ್ದರೆ ಅದಕ್ಕೆ ಈ ಆಯಿಯೇ ಕಾರಣ. ನಾನು ಒಂಬತ್ತನೆಯ ಇಯತ್ತೆ ಮುಗಿಸಿದಾಗ ಮುರುಮದ ಕಡೆಯಿಂದ ಒಂದು ಸಂಬಂಧ ಬಂತು. ಓದಿದ್ದು ಸಾಕು ಎಂದು ಅಪ್ಪ ನಿಶ್ಚಯಿಸಿದರು. ನಾನು ಒಳಗೆ ಅಳುತ್ತಿದ್ದೆ. ಆಯಿಗೆ ಯಾರು ಹೇಳಿದರೋ ಗೊತ್ತಿಲ್ಲ, ಅಪ್ಪ ಡಬ್ಬಿ ಹಿಡಿದು ಹೊರಗೆ ಕಾಲಿಟ್ಟದ್ದೇ ತಡ, ರಸ್ತೆಯ ಆಚೆಯಿಂದ ಆ ದನಿ ಬಂತು.

“ಏ ತಮ್ಮಾ! ಪೋರಿ ಸಾಲಿಗಿ ಹೋಗೂ ತನಕ ನಿಮ್ಮ ಮನಿ ಜ್ವಾಳ ನನ್ನ ಕಲ್ಲಿನ್ಯಾಗ ಬೀಳಂಗಿಲ್ಲ ನೋಡು!”

ಅಪ್ಪ ಮುಖ ಕೆಂಪಗೆ ಮಾಡಿಕೊಂಡು ಡಬ್ಬಿಯನ್ನು ಬಸ್ ಸ್ಟ್ಯಾಂಡಿನ ಕಡೆಯ ಗಿರಣಿಗೆ ಒಯ್ದರು. ಅಲ್ಲಿಯ ಹಿಟ್ಟು ದಪ್ಪ. ಅವ್ವ ಎಷ್ಟು ನಾದಿದರೂ ರೊಟ್ಟಿಯ ಅಂಚು ಹರಿಯುತ್ತಿತ್ತು. ಹರಿದ ರೊಟ್ಟಿ ಮುರಿಯುತ್ತ ಅಪ್ಪ ಕೆಲವು ದಿನ ಹಟ ಹಿಡಿದರು. ಆಮೇಲೆ ಒಂದು ಬೆಳಿಗ್ಗೆ ನನ್ನ ಕೈಗೇ ಡಬ್ಬಿ ಕೊಟ್ಟು, “ಹೋಗು, ಸಾಲಿಗಿ ಹೋಗ್ಲತ್ತೀನಿ ಅಂತ ನಿಮ್ಮ ಆಯಿಗಿ ಹೇಳು” ಎಂದರು. ಈ ಮಾತಿಗೆ ನನ್ನ ಮಕ್ಕಳು ಈಗ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಈಗ ಹೇಳಬೇಕಾದದ್ದು ನಾಲ್ಕಾರು ವರ್ಷಗಳ ಹಿಂದಿನ ಮಾತು. ಪುಣೆಯಿಂದ ಒಬ್ಬರು ಬಾಯಿ ಆಯಿಗೆ ಫೋನ್ ಮಾಡಿದರು. ಚಿಕ್ಕಂದಿನಲ್ಲಿ ಪರದೇಶಕ್ಕೆ ದತ್ತು ಹೋದವರ ಮೂಲ ಹುಡುಕಿಕೊಡುವುದು ಅವರ ಕೆಲಸ. ಹಾಲೆಂಡಿನಲ್ಲಿ ಒಬ್ಬಳು ಹೆಂಗಸಿದ್ದಾಳೆ, ಆಕೆಯ ತಾಯಿ ಭೂಕಂಪದಲ್ಲಿ ತೀರಿಹೋದಳು, ಆ ತಾಯಿಯ ಅಕ್ಕ ನೀವೇ ಏನು ಎಂದು ಕೇಳಿದರು. ಮೇಲೆ ಸುರಿದ ಜೋಳ ಇನ್ನೂ ಅರ್ಧ ಇರುವಾಗಲೇ ಆಯಿ ಗಿರಣಿ ನಿಲ್ಲಿಸಿದಳು. ಹಾಗೆ ನಿಲ್ಲಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಗಣಪತಿ ಕಳಿಸಿದ ರಾತ್ರಿಯ ಆ ಭೂಕಂಪದ ಸುದ್ದಿ ನಮ್ಮಲ್ಲಿ ಕೂಸಿಗೂ ಗೊತ್ತು. ಲೋಹಾರಾದ ಕಡೆಯ ಹಳ್ಳಿಯಲ್ಲಿ ಆಯಿಯ ತಂಗಿ, ತಂಗಿಯ ಗಂಡ ಇಬ್ಬರೂ ಕಲ್ಲುಮನೆಯ ಅಡಿಗೆ ಹೋದರು. ತೊಟ್ಟಿಲಲ್ಲಿದ್ದ ಹೆಣ್ಣುಕೂಸು ಉಳಿಯಿತು. ಕೂಸನ್ನು ಒಂದು ಅನಾಥಾಶ್ರಮಕ್ಕೆ ಕೊಟ್ಟರು, ಅಲ್ಲಿಂದ ಅದು ಪರದೇಶಕ್ಕೆ ಹೋಯಿತು. ಓಣಿಗೆ ಗೊತ್ತಿದ್ದುದು ಇಷ್ಟು. ಆಯಿ ತಂಗಿಯ ಮಾತು ಎತ್ತುತ್ತಿದ್ದಳು, ಕೂಸಿನ ಮಾತನ್ನು ಎಂದೂ ಎತ್ತುತ್ತಿರಲಿಲ್ಲ.

ಕೆಲವು ದಿನದಲ್ಲೇ ಆ ಕೂಸಿನ ಸಂದೇಶ ಬಂತು. ಕೂಸು ಎನ್ನುವುದು ಆಯಿಯ ಮಾತು, ಮೂವತ್ತರ ಹತ್ತಿರದ ಹೆಂಗಸು ಆಕೆ. ಇಂಗ್ಲಿಷಿನಲ್ಲಿ ಬರೆದಿದ್ದಳು, ಓದಿ ಹೇಳುವ ಕೆಲಸ ನನಗೆ ಬಂತು. “ನಿಮ್ಮ ಜೊತೆ ಒಮ್ಮೆ ಮಾತಾಡಬೇಕೆಂದಿದ್ದೇನೆ. ಯಾವ ದಿನ, ಯಾವ ಹೊತ್ತು ನಿಮಗೆ ಅನುಕೂಲ, ದಯವಿಟ್ಟು ತಿಳಿಸಿ.”

ಆಯಿ ಅಳುತ್ತಲೇ ನಕ್ಕಳು. “ಯಾವಾಗ ಅಂತ ಕೇಳ್ತಾಳಲ್ಲ, ಹುಚ್ಚಿ! ಯಾವಾಗರ ಮಾಡ್ಲಿ, ಯಾವಾಗರ ಬರ್ಲಿ. ತನ್ನ ಮನಿಗಿ ಬರ್ಲಿಕ್ಕ ಯಾರರ ಹೊತ್ತು ಕೇಳ್ತಾರೇನು? ಹಂಗೇ ಬರಿ, ಪೋರಿ.”

ಹಾಗೆಯೇ ಬರೆದೆ. ಯಾವಾಗ ಬೇಕಾದರೂ. ಇದಕ್ಕಿಂತ ದೊಡ್ಡ ಆದರದ ಮಾತು ನಮ್ಮಲ್ಲಿ ಇನ್ನೊಂದಿಲ್ಲ. ಇಬ್ಬರೂ ಖುಷಿಯಾಗಿ ಚಹಾ ಕುಡಿದೆವು.

ಉತ್ತರ ಬರಲಿಲ್ಲ.

ವಾರಗಳು ಕಳೆದವು. ಆಯಿ ಫೋನನ್ನು ಹಿಟ್ಟು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಿರಣಿಯ ಸದ್ದಿನಲ್ಲಿ ರಿಂಗು ಕೇಳದಿದ್ದರೆ ಎಂಬ ಹೆದರಿಕೆಗೆ ಮತ್ತೆ ಮತ್ತೆ ಬೆಲ್ಟು ನಿಲ್ಲಿಸಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ಡಬ್ಬಿಗಳ ಸಾಲು ರಸ್ತೆಗೆ ಬಂತು. ದಾಳಿಂಬ ಹಳ್ಳಿಯಿಂದ ಟಂಟಂ ಆಟೋ ಹತ್ತಿ ಬಂದವರು ಬೈದುಕೊಂಡು ತಿರುಗಿ ಹೋದರು. ಆಯಿಗೆ ಅದೇ ಹೊತ್ತಿಗೆ ಉಬ್ಬಸ ಹೆಚ್ಚಾಯಿತು. ಒಂದು ಸಂಜೆ ನಾನು ಎದುರಿಗೆ ಕೂತಿರುವುದನ್ನೂ ಮರೆತು, “ಅಕಿಗಿ ಎಲ್ಲಾ ಗೊತ್ತಾಗ್ಯಾದ” ಎಂದಳು. ಏನು ಗೊತ್ತಾಗಿದೆ ಎಂದು ಕೇಳಿದೆ. ಎದ್ದು ಗಿರಣಿ ಚಾಲೂ ಮಾಡಿಬಿಟ್ಟಳು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪುಣೆಯ ಬಾಯಿಗೆ ಫೋನ್ ಮಾಡಿ, ಮುದುಕಿಯ ಜೀವದ ಜೊತೆ ಇದೆಂಥ ಆಟ ಎಂದು ರೇಗಿದೆ. ಅವರು ಎಲ್ಲ ಕೇಳಿಸಿಕೊಂಡು ಹೇಳಿದರು: “ಅವರ ಕಡೆ ಯಾವಾಗಲಾದರೂ ಬಾ ಅಂದರೆ ಬರಬೇಡ ಅಂದ ಹಾಗೇನೇ. ಬೇಕಾದವರಿಗೆ ಒಂದು ಹೊತ್ತು ತೆಗೆದಿಡುತ್ತಾರೆ. ನಿಮ್ಮ ಉತ್ತರ ಓದಿ, ನನಗಾಗಿ ಒಂದು ಗಂಟೆ ತೆಗೆದಿಡುವ ಮನಸ್ಸೂ ಇವರಿಗಿಲ್ಲ ಅಂದುಕೊಂಡಿದ್ದಾಳೆ.”

ನನ್ನ ಸಿಟ್ಟು ಇನ್ನೂ ಏರಿತು. ತವರಿಗೆ ಬರಲೂ ಗಡಿಯಾರ ನೋಡುವ ಜನ ಎಂಥವರು! ಆಯಿಯ ಮುಂದೆ ಹೋಗಿ ಒಂದೇ ಉಸಿರಿಗೆ ಎಲ್ಲ ಒದರಿದೆ. ಆಕೆಯೂ ನನ್ನ ಜೊತೆ ಬೈಯುತ್ತಾಳೆ ಎಂದುಕೊಂಡಿದ್ದೆ. ಆಯಿ ಜೋಳದ ಚೀಲದ ಮೇಲೆ ಕುಸಿದು ಕೂತಳು.

“ಆಕಿ ಖರೇನೇ ಅಂತಾಳ.”

ಆಮೇಲೆ ಹೇಳಿದಳು. ಭೂಕಂಪ ಆದಾಗ ಅತ್ತೆಯ ಕಾಲು ಮುರಿದಿತ್ತು, ಗಿರಣಿಯ ಗೋಡೆ ಬಿದ್ದಿತ್ತು, ತನ್ನ ಎರಡೂ ಹೆಣ್ಣುಮಕ್ಕಳಿಗೆ ಜ್ವರ. ಕೂಸಿಗೆ ಹಾಲು ಕುಡಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ದಿನ ಇಟ್ಟುಕೊಳ್ಳಿ ಎಂದು ತಾನೇ ಎತ್ತಿಕೊಂಡು ಹೋಗಿ ಆಶ್ರಮದವರ ಕೈಗೆ ಕೊಟ್ಟಳು.

“ಅಲ್ಲಿ ಬಾಯಿ ಕೇಳಿದ್ಳು, ಯಾವಾಗ ಬಂದು ಒಯ್ತೀರಿ ಅಂತ. ಸವಡ ಆದ್ರ ಬರ್ತೀನಿ ಅಂದೆ.” ಆಯಿ ಹಿಟ್ಟಿನ ಕೈಗಳನ್ನು ನೋಡಿಕೊಂಡಳು. “ದೀಪಾವಳಿ ಹೋಯ್ತು. ಬಿತ್ತಗಿ ಬಂತು. ನಾಳಿಗಿ ಹೋಗಮು, ನಾಡ್ದು ಹೋಗಮು. ಸಂಕ್ರಾಂತಿ ಆದ್ ಮ್ಯಾಲ ಹೋದೆ. ತೊಟ್ಲದಾಗ ಬ್ಯಾರೆ ಕೂಸಿತ್ತು. ನಾ ಒಂದು ದಿವಸ ಹೇಳಿದ್ರ ಅವ್ರು ಅಲ್ಲೀ ತನಕ ಇಟ್ಕೋತಿದ್ರೇನೋ, ಪೋರಿ.”

ಆಯಿ ಮೂಗು ಒರೆಸಿಕೊಂಡು, ಎಂದಿನ ದನಿಯಲ್ಲಿ ಕೇಳಿದಳು.

“ಅವ್ರ ಮಾತಿನ್ಯಾಗ ‘ನಿನಗ ಸವಡ ಅದೇನು’ ಅಂತ ಹ್ಯಾಂಗ ಕೇಳ್ತಾರ? ನನಗ ಅದು ಕಲಸು. ಕೊಡೂ ಮುಂದ ಅಕಿಗಿ ನಾ ಏನೂ ಕೇಳಿದ್ದಿಲ್ಲ. ಈಗರ ಕೇಳ್ತೀನಿ.”

ನನಗೆ ಬರುವುದು ಇಂಗ್ಲಿಷ್, ಡಚ್ಚಿನ ಗಂಧವೂ ಇಲ್ಲ. ಆದರೆ ಫೋನಿನಲ್ಲಿ ಸಿಗದ್ದು ಏನಿದೆ? ಹುಡುಕಿದೆ. ಕನ್ನಡಕ ಹಾಕಿದ ಒಬ್ಬಳು ಹುಡುಗಿ ದಿನದ ಮಾತು ಕಲಿಸುತ್ತಿದ್ದಳು. ಅದರಲ್ಲಿ ಒಂದು ಇಡೀ ಪಾಠ ಹೊತ್ತು ಗೊತ್ತು ಮಾಡಿಕೊಳ್ಳುವುದಕ್ಕೇ ಮೀಸಲು. ನಿನಗೆ ಅನುಕೂಲವೇ, ಇಲ್ಲ ಅಂದು ಆಗುವುದಿಲ್ಲ, ಹಾಗಾದರೆ ಬೇರೆ ದಿನ ಇಟ್ಟುಕೊಳ್ಳೋಣ. ಇಷ್ಟನ್ನು ಹೇಳಲು ಆ ಜನಕ್ಕೆ ಇಷ್ಟು ಬಗೆಯ ಮಾತು ಯಾಕೆ ಬೇಕೋ ಎಂದು ನಾನು ಗೊಣಗಿದೆ. ಆಯಿ ಗೊಣಗಲಿಲ್ಲ. ಕರೆಂಟು ಹೋದ ಹೊತ್ತಿನಲ್ಲೆಲ್ಲ ಪಾಠ ನಡೆಯಿತು.

“ಕೊಮ್ಟ್ ಹೆಟ್ ಔಟ್?” ಎಂದರೆ, ಈಗ ಸವಡ ಇದೆಯೇ. “ಅಫ್‌ಸ್ಪ್ರಾಕ್” ಎಂದರೆ ಇಬ್ಬರೂ ಒಪ್ಪಿಕೊಂಡ ಹೊತ್ತು. ಗಂಟಲಿನಿಂದ ಉಜ್ಜಿ ಬರುವ ಅವರ ಖಕಾರ ನನಗೆ ಎಷ್ಟು ಮಾಡಿದರೂ ಒಲಿಯಲಿಲ್ಲ. ಆಯಿ ಓಣಿಯ ಮುಸಲ್ಮಾನ ಗೆಳತಿಯರ ಜೊತೆ ದಖನಿ ಮಾತಾಡುತ್ತ ಬೆಳೆದವಳು, ಮೊದಲ ಸಲಕ್ಕೇ ಸರಿಯಾಗಿ ಉಜ್ಜಿದಳು. ‘ಅವಸರ ಇಲ್ಲ’ ಎನ್ನಲು “ಖೇನ್ ಹಾಸ್ಟ್” ಎನ್ನಬೇಕು ಎಂದು ಗೊತ್ತಾದಾಗ ಖುಷಿಯೋ ಖುಷಿ. “ಇದು ನಮ್ಮ ಗಿರಣಿ ಮಾತು ನೋಡು” ಎಂದು ಬಂದವರಿಗೆಲ್ಲ ಹೇಳಿದಳು. ಆಕೆ ಕಲಿಯುವುದೆಂದರೆ ಓಣಿಯೇ ಕಲಿತ ಹಾಗೆ. ಎದುರಿನ ಚಹಾದ ಅಂಗಡಿಯವನು ಗ್ಲಾಸು ತಂದಿಡುವಾಗ “ಕೊಮ್ಟ್ ಹೆಟ್ ಔಟ್, ಆಯಿ?” ಎನ್ನತೊಡಗಿದ.

ಒಂದು ಮಾತನ್ನು ಮಾತ್ರ ಆಕೆ ಕಲಿಯಲಿಲ್ಲ. ‘ನನಗೆ ಅಂದು ಆಗುವುದಿಲ್ಲ’ ಎನ್ನುವುದನ್ನು.

“ಅದು ಬಿಡು. ಅಕಿಗಿ ನಾ ಅದು ಅನ್ನಂಗಿಲ್ಲ.”

ಈ ಸಲ ಬರೆದದ್ದು ಒಂದೇ ಸಾಲು. ಭಾನುವಾರ, ನಮ್ಮ ಗಡಿಯಾರದ ನಾಲ್ಕು ಗಂಟೆ, ಆ ಹೊತ್ತು ನಿನಗಾಗಿ ಇಟ್ಟಿದ್ದೇನೆ. ಉತ್ತರ ಅಂದೇ ಬಂತು.

ಭಾನುವಾರ ಆಯಿ ಗಿರಣಿಗೆ ಕೀಲಿ ಹಾಕಿ, ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು ನಮ್ಮ ಮನೆಗೆ ಬಂದಳು. ಹಿಟ್ಟಿಲ್ಲದ ಆಕೆಯ ಮುಖ ನೋಡಿದ್ದು ನಾನು ಅಂದೇ. ಹುಬ್ಬುಗಳು ಬೆಳ್ಳಗೇ ಇದ್ದವು.

ಪರದೆಯಲ್ಲಿ ಮುಖ ಬಂತು. ಅಗಲ ಹಣೆ, ಕತ್ತರಿಸಿದ ಕೂದಲು, ಥೇಟ್ ಆಯಿಯ ಮೂಗು. ಆಯಿ ಉಸಿರು ಎಳೆದುಕೊಂಡು, ಗಿರಣಿಯ ದನಿಯಲ್ಲಿ “ಕೊಮ್ಟ್ ಹೆಟ್ ಔಟ್?” ಎಂದು ಕೂಗಿದಳು. ಆಚೆಯವಳು ಬಾಯಿಗೆ ಕೈ ಹಿಡಿದಳು. ಎಷ್ಟೋ ಹೊತ್ತು ಕೈ ತೆಗೆಯಲೇ ಇಲ್ಲ. ಸಂಪರ್ಕ ಕಡಿದುಬಿಡುತ್ತಾಳೆ ಎಂದುಕೊಂಡೆ. ಕಡೆಗೆ “ಯಾ” ಎಂದಳು. ಹೂಂ.

ಅಲ್ಲಿಂದ ಪ್ರತಿ ಭಾನುವಾರ ನಾಲ್ಕಕ್ಕೆ ಫೋನು ಬರುತ್ತಿತ್ತು. ಜೋಳ ಹೇಗಿರುತ್ತದೆ, ತಾಯಿ ಹೇಗೆ ನಗುತ್ತಿದ್ದಳು, ಇಂಥವೇ ಮಾತು, ನಡುವೆ ನನ್ನ ಅನುವಾದ. ಒಂದು ಭಾನುವಾರ ತನಗೆ ಆಗುವುದಿಲ್ಲ ಎಂದು ಆಕೆ ಮೊದಲೇ ಹೇಳಿದಳು. ಆಯಿ ನೊಂದುಕೊಳ್ಳಬಹುದು ಎಂದು ನಾನು ಮೆತ್ತಗೆ ಹೇಳಲು ಹೋದರೆ, “ಆಗಂಗಿಲ್ಲಂತ ಹೇಳಿದ್ಲಲ್ಲ, ಛಲೋ ಆಯ್ತು. ಕಾಯೂದು ತಪ್ತು” ಎಂದಳು. ಆಶ್ರಮದಲ್ಲಿ ಹೇಳಿದ ಸವಡದ ಮಾತು ಮಾತ್ರ ಆಯಿ ಫೋನಿನಲ್ಲಿ ತೆಗೆಯಲಿಲ್ಲ. “ಅದು ಎದುರಿಗಿ ಕೂತು ಮಾರಿ ನೋಡಿ ಹೇಳೂದದ” ಎನ್ನುತ್ತಿದ್ದಳು. ಇಷ್ಟರಲ್ಲಿ ಉದಗೀರದ ಡಾಕ್ಟರು, ಹಿಟ್ಟಿನ ಧೂಳು ಬಿಡಬೇಕು, ಹೃದಯಕ್ಕೂ ಶಕ್ತಿ ಕಡಿಮೆಯಾಗಿದೆ ಎಂದರು. ಆಯಿಗೆ ಎರಡು ಹೆದರಿಕೆ ಹತ್ತಿದವು. ಹೇಳುವ ಮೊದಲೇ ತಾನು ಸತ್ತರೆ? ಹೇಳಿದ ಮೇಲೆ ಕೂಸು ಎದ್ದು ಹೋದರೆ? ಯಾವುದು ದೊಡ್ಡದೆಂದು ಆಕೆಗೂ ತಿಳಿಯುತ್ತಿರಲಿಲ್ಲ.

ಚಳಿಗಾಲದಲ್ಲಿ ಬರುತ್ತೇನೆ ಎಂದು ಕೂಸು ದಿನ ತಿಳಿಸಿತು. ನೋಡಿದರೆ ಅಮಾವಾಸ್ಯೆ. ಓಣಿಯೇ ಗಿರಣಿಯ ಮುಂದೆ ನೆರೆಯಿತು. ಮೂವತ್ತು ವರ್ಷಕ್ಕೆ ತಿರುಗಿ ಬರುವ ಮಗಳನ್ನು ಅಮಾವಾಸ್ಯೆ ದಿನ ಮನೆ ತುಂಬಿಸಿಕೊಳ್ಳುತ್ತಾರೆಯೇ? ನಿಲಂಗಾದಿಂದ ದೊಡ್ಡ ಮಗಳು ಫೋನಿನಲ್ಲೇ ಜಗಳ ತೆಗೆದಳು. “ಒಂದ್ ದಿವಸ ಮುಂದ ಹಾಕ್ ಅಂತ ಹೇಳವ್ವಾ, ಏನ್ ಗಂಟ್ ಹೋಗ್ತದ?”

“ಕೊಟ್ ಬಂದ ದಿವಸ ಹುಣ್ಣಿವಿ ಇತ್ತು” ಎಂದಳು ಆಯಿ. “ಛಲೋ ದಿನದಾಗ ಏನ್ ಛಲೋ ಆಯ್ತು? ಅಕಿ ಅಂದಿದ್ದೇ ದಿವಸ. ನಾಲ್ಕಕ್ಕ ಬಾ ಅಂತ ಬರಿ, ಪೋರಿ.”

ಅಂದು ಮಧ್ಯಾಹ್ನದಿಂದಲೇ ಆಯಿ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಗಿರಣಿಗೆ ಹೊಂದಿದ ತನ್ನ ಮನೆಯ ಬಾಗಿಲಲ್ಲಿ ಕೂತಿದ್ದಳು. ನಿಲಂಗಾದ ಮಗಳು, ಉದಗೀರದ ಮಗಳು ಇಬ್ಬರೂ ಬಂದಿದ್ದರು. ಒಳಗೆ ಪುಂಡಿಪಲ್ಯ, ಎಣ್ಣೆಗಾಯಿ, ಹೋಳಿಗೆ ಎಲ್ಲ ತಯಾರು. ಮೂರು ಗಂಟೆ ದಾಟಿರಬೇಕು. ಬಿಳಿ ಕಾರೊಂದು ಹೈವೇಯಿಂದ ತಿರುಗಿ ಬಂದು ಚಹಾದ ಅಂಗಡಿಯ ಮುಂದೆ ನಿಂತಿತು. ಕತ್ತರಿಸಿದ ಕೂದಲಿನ ಹೆಂಗಸು ಇಳಿದಳು. ರಸ್ತೆಯ ಈಚೆಗೆ ಒಮ್ಮೆ ನೋಡಿದಳು, ಕೈಗಡಿಯಾರ ನೋಡಿಕೊಂಡಳು, ಹೋಗಿ ಅಂಗಡಿಯ ಬೆಂಚಿನ ಮೇಲೆ ಕೂತಳು.

ನಮಗೆ ಅರ್ಥವಾಗಲಿಲ್ಲ. ಆಯಿಗೆ ಅರ್ಥವಾಯಿತು.

“ಬೇಗ ಬಂದಾಳ. ಕೊಟ್ಟ ಹೊತ್ತು ಆಗೂ ತನಕ ಬರಂಗಿಲ್ಲ ಆಕಿ.”

“ಹಂಗಂದ್ರ ನೀನೇ ಹೋಗ್ ಅವ್ವಾ!” ಎಂದಳು ನಿಲಂಗಾದವಳು. “ಪರದೇಶದಿಂದ ಬಂದ್ ಬಾಗಿಲದಾಗ ಕುಂತಾಳ, ಇದೆಂಥಾ ಹಟ?”

ಆಯಿ ಎದ್ದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ನಾಲ್ಕ ಅಂದೀನಿ. ಒಮ್ಮೆರ ನಾ ಅಂದ ಹೊತ್ತಿಗಿ ನಿಂದರ್ತೀನಿ. ಯಾರೂ ಅಲ್ಲಿ ಹೋಗಬ್ಯಾಡ್ರಿ.”

ಓಣಿಯಲ್ಲಿ ಆಯಿಯ ಮಾತು ಮೀರುವವರಿಲ್ಲ. ಎಲ್ಲರೂ ನಿಂತೆವು. ಈಚೆಗೆ ಬಾಗಿಲಲ್ಲಿ ಮುದುಕಿ, ಆಚೆಗೆ ಬೆಂಚಿನ ಮೇಲೆ ಮಗಳು, ನಡುವೆ ನಮ್ಮ ಹಾಳು ರಸ್ತೆ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಅಡ್ಡ ಬಂದಾಗ ಬೆಂಚು ಕಾಣುತ್ತಿರಲಿಲ್ಲ. ದಾಟಿ ಹೋದ ಮೇಲೆ ಆಕೆ ಇನ್ನೂ ಅಲ್ಲೇ ಇದ್ದಾಳೋ ಇಲ್ಲವೋ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದೆವು. ಒಮ್ಮೆ ಆಕೆ ಎದ್ದು ಕಾರಿನ ಕಡೆಗೆ ಸರಸರ ನಡೆದಳು, ಬಾಗಿಲು ತೆಗೆದಳು. ಆಯಿಯ ಬೆರಳು ಚೌಕಟ್ಟಿನ ಮೇಲೆ ಬೆಳ್ಳಗಾಯಿತು. ನನಗಂತೂ ಓಡಿ ಹೋಗಿ ಕಾರಿನ ಮುಂದೆ ಅಡ್ಡ ಮಲಗುವಷ್ಟು ಸಂಕಟ. ಆಕೆ ನೀರಿನ ಬಾಟಲಿ ತೆಗೆದುಕೊಂಡು ಮತ್ತೆ ಬೆಂಚಿಗೆ ಬಂದು ಕೂತಳು. ಚಹಾದವನು ಗ್ಲಾಸು ಹಿಡಿದು ಹೋಗಿ ಏನೋ ಕೇಳಿದ. ಏನು ಕೇಳಿರಬೇಕೆಂದು ನಮಗೆಲ್ಲ ಗೊತ್ತು. ಆಕೆ ತಲೆಯೆತ್ತಿ ಅವನನ್ನೇ ದಿಟ್ಟಿಸಿದಳು, ಆಮೇಲೆ ಮುಖ ಮುಚ್ಚಿಕೊಂಡಳು.

ನಾಲ್ಕಾಯಿತು. ಆಕೆ ರಸ್ತೆ ದಾಟಿ ಬಂದಳು. ಆಯಿ ಬಾಗಿಲು ಬಿಡಲಿಲ್ಲ. ಎದುರಿಗೆ ನಿಂತು ಕೇಳಿದಳು.

“ಕೊಮ್ಟ್ ಹೆಟ್ ಔಟ್?”

ಮೆಲ್ಲಗೆ ಕೇಳಿದಳು. ಆಯಿಯ ಬಾಯಿಂದ ಅಷ್ಟು ಸಣ್ಣ ದನಿ ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಬಂದವಳು ತಲೆ ಆಡಿಸಿದಳು. ಆಗ ಆಯಿ ಬದಿಗೆ ಸರಿದು ದಾರಿ ಬಿಟ್ಟಳು.

ಒಳಗೆ ಉದಗೀರದ ಮಗಳು ತಟ್ಟೆ ಹಾಕಲು ಬಂದರೆ ಆಯಿ ತಡೆದಳು. ಉಂಡ ಮನೆಯ ಮೇಲೆ ಸಿಟ್ಟಾಗಬಾರದು, ಉಪ್ಪು ತಿಂದ ಮೇಲೆ ಮುಖ ತಿರುಗಿಸಬಾರದು ಎನ್ನುವುದು ನಮ್ಮಲ್ಲಿ ಕಟ್ಟುಕಟ್ಟಳೆಯ ಹಾಗೆ.

“ಮೊದಲು ಹೇಳ್ತೀನಿ. ಉಂಡ್ ಮ್ಯಾಲ ಹೇಳಿದ್ರ ಅಕಿಗಿ ಸಿಟ್ಟಿಗೇಳ್ಲಿಕ್ಕ ಬರಂಗಿಲ್ಲ. ಅದು ಮೋಸ ಆಗ್ತದ. ಪೋರಿ, ನೀ ಒಂದ್ ಮಾತೂ ಬಿಡಬ್ಯಾಡ.”

ಹೇಳಿದಳು. ಕೊಟ್ಟದ್ದು, ಸವಡ ಆದರೆ ಬರುತ್ತೇನೆ ಎಂದದ್ದು, ಹಬ್ಬ ದಾಟಿಸಿದ್ದು, ತೊಟ್ಟಿಲಲ್ಲಿ ಬೇರೆ ಕೂಸು ಕಂಡದ್ದು. ನಾನು ಒಂದೊಂದೇ ಮಾತನ್ನು ಇಂಗ್ಲಿಷಿಗೆ ದಾಟಿಸಿದೆ. ಸವಡದ ಮಾತನ್ನೂ ಬಿಡಲಿಲ್ಲ. ಕೇಳುವವಳ ಮುಖ ಕಲ್ಲಾಗಿತ್ತು. ಮುಗಿದ ಮೇಲೆ ಆಯಿ ತಲೆ ತಗ್ಗಿಸಿ ಕೂತಿದ್ದಳು. ಈಗ ಎದ್ದು ಹೋಗುತ್ತಾಳೆ ಎಂದೇ ನಾವೆಲ್ಲ ತಿಳಿದೆವು.

“ನೀವು ಬಂದಿದ್ದಿರಾ?” ಎಂದು ಕೇಳಿದಳು ಆಕೆ.

“ಬಂದಿದ್ದೆ. ತಡಾ ಮಾಡಿ ಬಂದೆ.”

“ನನಗಾಗಿ ಯಾರೂ ಬರಲೇ ಇಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ.” ಮತ್ತೆ, “ಬರುವಾಗ ಏನಾದರೂ ತಂದಿದ್ದಿರಾ?” ಎಂದಳು.

ಆಯಿ ತಲೆ ಎತ್ತಿದಳು. “ಕುಸುರೆಳ್ಳಿನ ಸರ. ನಿನ್ನ ಮೊದಲನೇ ಸಂಕ್ರಾಂತಿ ಅಂತ ಕೂತು ಪೋಣಿಸಿದ್ದೆ. ಆ ತೊಟ್ಲದಾಗಿನ ಕೂಸಿನ ಕೊಳ್ಳಿಗಿ ಹಾಕಿ ಬಂದೆ.”

ನಾನು ಹೇಳಿದೆ. ಆಕೆ ಕ್ಷಮಿಸಿದೆ ಎನ್ನಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಕೈಗಡಿಯಾರ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎರಡು ಮಾತು ಅಂದಳು. “ನನಗೆ ಹಸಿವಾಗಿದೆ.” ನಾನು ಬಾಯಿ ತೆರೆಯುವ ಮೊದಲೇ ಆಯಿ ಎದ್ದು ಅಡಿಗೆಮನೆಗೆ ಹೋಗಿದ್ದಳು.

ಅದಾದ ಮೇಲೆ ಆಯಿ ಎರಡು ವರ್ಷ ಇದ್ದಳು. ಡಾಕ್ಟರು ಬೇಡ ಎಂದರೂ ಗಿರಣಿ ಬಿಡಲಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಂಡಳು ಅಷ್ಟೇ. ಆದರೆ ಪದ್ಧತಿ ಬದಲಾಯಿಸಿದಳು. ಡಬ್ಬಿ ಇಟ್ಟವರಿಗೆ ಹೊತ್ತು ಹೇಳತೊಡಗಿದಳು. “ನಾಳಿ ಹತ್ತಕ್ಕ ಬಾ. ನಿನಗ ಸವಡ ಅದೇನು ಹತ್ತಕ್ಕ? ಇಲ್ಲಂದ್ರ ಸಂಜಿಗಿ ಇಡ್ತೀನಿ.” ಜನಕ್ಕೆ ಇದು ವಿಚಿತ್ರ ತ್ರಾಸಾಯಿತು. ಹತ್ತಕ್ಕೆ ಬಾರದವರನ್ನು ರಸ್ತೆಗೆ ಬಂದು ಬೈಯುತ್ತಿದ್ದಳು. ಕರೆಂಟು ಹೋದರೆ ಒಬ್ಬೊಬ್ಬರಿಗೂ ಫೋನ್ ಮಾಡಿ ಬೇರೆ ಹೊತ್ತು ಕೊಡುತ್ತಿದ್ದಳು. ನನಗೂ ಆ ಚಟ ಹತ್ತಿತು. ಮಕ್ಕಳ ತಾಯಂದಿರು ಶಾಲೆಗೆ ಬಂದು “ಬಾಯಿ, ಯಾವಾಗ ಬರಮು?” ಎಂದರೆ ಯಾವಾಗಲಾದರೂ ಬನ್ನಿ ಎಂದು ಈಗ ನನ್ನ ಬಾಯಿಗೆ ಬರುವುದಿಲ್ಲ. ದಿನ ಹೇಳುತ್ತೇನೆ, ಆ ದಿನ ಬೇರೇನೂ ಇಟ್ಟುಕೊಳ್ಳದೆ ಕಾಯುತ್ತೇನೆ. ಶಾಲೆ ಉಳಿಸಿಕೊಟ್ಟ ಋಣ ಒಂದಿತ್ತು. ಇದು ಅದರ ಮೇಲಿನದು.

ಒಂದು ಗುರುವಾರ ಬೆಳಿಗ್ಗೆ ಆಯಿ ಪೂಜೆಗೆ ಕೂತಲ್ಲೇ ಒರಗಿದಳು. ಅಂಗೈಯಲ್ಲಿ ಲಿಂಗ ಹಾಗೆಯೇ ಇತ್ತು. ಹೆಣ್ಣುಮಕ್ಕಳು ಬಂದರು, ಸಂಜೆಯೊಳಗೆ ಮಣ್ಣು ಮಾಡಿದರು. ಹಾಲೆಂಡಿಗೆ ನಾನೇ ತಿಳಿಸಿದೆ. ಬರಲು ಆಗುವುದಿಲ್ಲ ಎಂದು ಆಕೆ ಬರೆದಳು, ಬೇರೆ ಏನನ್ನೂ ಬರೆಯಲಿಲ್ಲ. ಆಯಿಯ ಫೋನನ್ನು, ಅದರ ಪ್ಲಾಸ್ಟಿಕ್ ಚೀಲದ ಸಮೇತ, ದೊಡ್ಡ ಮಗಳು ನನ್ನ ಹತ್ತಿರ ಇಟ್ಟು ಹೋದಳು.

ಭಾನುವಾರ ನಾನು ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಮನೆಯಲ್ಲಿ ನೆಂಟರು, ಮೇಜಿನ ಮೇಲೆ ತಿದ್ದದ ಉತ್ತರಪತ್ರಿಕೆಗಳ ರಾಶಿ. ನಾಲ್ಕಕ್ಕೆ ಚೀಲದೊಳಗಿಂದ ರಿಂಗು ಕೇಳಿಸಿತು. ಕೈ ಒರೆಸಿಕೊಂಡು ಎತ್ತಿದೆ. ಪರದೆಯಲ್ಲಿ ಆಯಿಯ ಮೂಗು.

“ಅವರಿಲ್ಲ ಎಂದು ಗೊತ್ತು” ಎಂದಳು. “ಈ ಹೊತ್ತು ಅವರಿಗೆ ಇಟ್ಟದ್ದು. ಇದರಲ್ಲಿ ಬೇರೇನು ಮಾಡಬೇಕೋ ನನಗೆ ತಿಳಿಯಲಿಲ್ಲ.”

ಆಮೇಲೆ ಕೇಳಿದಳು.

“ಕೊಮ್ಟ್ ಹೆಟ್ ಔಟ್?”

ಹೋಗಿ ಒಲೆ ಆರಿಸಿದೆ. ನೆಂಟರಿಗೆ ಆಮೇಲೆ ಬರುತ್ತೇನೆ ಎಂದು ಹೇಳಿ, ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತೆ.

“ಯಾ” ಎಂದೆ. “ಹೇಳು.”